ಕಿಟಕಿಯ ಇನ್ನೊಂದು ಕದ

ಅವರೆಕಾಯಿ ಚೀಲವನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿಕೊಳ್ಳುವಾಗ, ಮನೆಯಿಂದ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ದಾರಿಯಲ್ಲೇ ಎಲ್ಲೋ ಉದುರಿಹೋಗಿವೆ ಎಂದು ಅನಸೂಯಳಿಗೆ ಅನಿಸಿತು. ಸಾರ್, ಹುಡುಗಿ ತಿಳಿಯದೆ ಮಾಡಿದಾಳೆ, ದೊಡ್ಡ ಮನಸ್ಸು ಮಾಡಿ ಮತ್ತೆ ಸೇರಿಸ್ಕೊಳ್ಳಿ. ಇಷ್ಟು ಹೇಳಿದರೆ ಸಾಕಿತ್ತು. ಅಂಗನವಾಡಿಯ ಮಕ್ಕಳನ್ನು ಮಲಗಿಸಿ ಕೂತಿದ್ದಾಗ ಮನಸ್ಸಿನಲ್ಲೇ ಎಷ್ಟೋ ಸಲ ಹೇಳಿಕೊಂಡಿದ್ದಳು. ಆಗ ಚನ್ನಕೇಶವ ಮೇಷ್ಟ್ರು ಪ್ರತಿ ಸಲವೂ ನಕ್ಕು 'ಅದಕ್ಕೇನಮ್ಮ' ಎಂದಿದ್ದರು. ಈಗ ಹೈವೇ ದಾಟಿ ಪೆರೇಸಂದ್ರದ ಈ ಬದಿಯ ಬೀದಿಗೆ ಇಳಿದ ಮೇಲೆ ಆ ಮೇಷ್ಟ್ರೂ ಇಲ್ಲ, ಆ ನಗುವೂ ಇಲ್ಲ. ಹೆಗಲ ಸೆರಗು ಸರಿಮಾಡಿಕೊಂಡಳು. ಬೆರಳುಗಳಿಗೆ ಅವರೆಯ ಸೊಗಡು ಅಂಟಿಕೊಂಡಿತ್ತು. ಬರಿಗೈಯಲ್ಲಿ ಹೋಗಬಾರದೆಂದು ಬೆಳಿಗ್ಗೆಯೇ ಎಳೆಯದೂ ಅಲ್ಲದ ಬಲಿತದ್ದೂ ಅಲ್ಲದ ಕಾಯಿಯನ್ನು ಒಂದೊಂದಾಗಿ ಒತ್ತಿ ನೋಡಿ ಆರಿಸಿದ್ದಳು. ಮಗಳು ಮಿತ್ರ ಹೊಸಿಲಲ್ಲಿ ನಿಂತು ಅದನ್ನು ನೋಡಿದ್ದಳು. "ಯಾರಿಗಮ್ಮ ಇಷ್ಟು ಚೆನ್ನಾಗಿರೋದು?" ಎಂದಿದ್ದಳು. ಉತ್ತರ ಬಾರದಿದ್ದಾಗ ಅವಳಿಗೆ ಗೊತ್ತಾಗಿತ್ತು. ಗೊತ್ತಾದ ಮೇಲೆ ಆ ಮುಖ ಮುಚ್ಚಿಕೊಂಡ ರೀತಿಯನ್ನು ಅನಸೂಯ ದಾರಿಯುದ್ದಕ್ಕೂ ನೆನೆಯದಿರಲು ನೋಡುತ್ತಿದ್ದಳು.

ದಸರಾ ರಜೆ ಮುಗಿದ ಮೇಲೆ ಮಿತ್ರ ಟ್ಯೂಷನ್ನಿಗೆ ಹೋಗಿರಲಿಲ್ಲ. ಜಗಳವಿಲ್ಲ, ಅಳುವಿಲ್ಲ. ಒಂದು ಸಂಜೆ ಪುಸ್ತಕದ ಚೀಲವನ್ನು ಗೂಟಕ್ಕೆ ತೂಗುಹಾಕಿ, "ನಾನೇ ಓದ್ಕೋತೀನಮ್ಮ" ಎಂದಳು, ಅಷ್ಟೆ. ಮೊದಲು ಅನಸೂಯ ನಕ್ಕುಬಿಟ್ಟಿದ್ದಳು. ದ್ವಿತೀಯ ಪಿಯುಸಿಯ ಗಣಿತವನ್ನು ತಾನೇ ಓದಿಕೊಳ್ಳುವುದೆಂದರೆ ರಾಗಿ ಮುದ್ದೆ ತಿರುವಿದಷ್ಟು ಸುಲಭವೇ? ಗಂಡ ಮುನೇಶ್ ಗೌರಿಬಿದನೂರಿನಲ್ಲಿ ಲೈನ್‌ಮನ್. ಕಂಬ ಹತ್ತಿ ಇಳಿದು ಸುಸ್ತಾಗಿ ಬಂದವನು, ಮಗಳು ಏನು ಮಾಡಿದರೂ ಸರಿ ಎನ್ನುವ ಪೈಕಿ. "ಓದೋಳು ಅವಳು ಕಣೇ. ನಾನು ಐಟಿಐ ಮಾಡಿದಾಗ ಯಾವ ಮೇಷ್ಟ್ರ ಮನೆ ಜಗಲಿ ಹತ್ತಿದ್ದೆ? ಫೋನಲ್ಲಿ ಎಲ್ಲಾ ಪಾಠ ಬರ್ತವಂತೆ, ನೋಡ್ಕೋತಾಳೆ ಬಿಡು" ಎಂದಿದ್ದ. ಫೋನಿನ ಮೇಷ್ಟ್ರು ಎಲ್ಲರಿಗೂ ಒಂದೇ ವೇಗದಲ್ಲಿ ಹೇಳಿಕೊಂಡು ಹೋಗುತ್ತಾನೆ. ನಮ್ಮ ಹುಡುಗಿ ಎಲ್ಲಿ ಎಡವಿದಳೆಂದು ನಿಂತು ನೋಡುವುದಿಲ್ಲ. ಇದನ್ನು ಗಂಡನಿಗೆ ಹೇಳಲು ಅನಸೂಯಳಿಗೆ ಬರಲಿಲ್ಲ. ಅರ್ಧವಾರ್ಷಿಕದ ಅಂಕ ಬಂದ ದಿನ ಬಂದದ್ದು ಬೇರೆಯದೇ ಮಾತು. "ಸೊಕ್ಕು ನಿಂಗೆ. ಹೇಳ್ಕೊಡೋರ ಮುಂದೆ ತಲೆ ಬಗ್ಸಕ್ಕಾಗದ ಸೊಕ್ಕು." ಮಿತ್ರ ತಲೆ ಬಗ್ಗಿಸಿಯೇ ಇದ್ದಳು, ತಟ್ಟೆಯ ಮುಂದೆ. ಅವತ್ತಿನಿಂದ ಊಟವೂ ಕಡಿಮೆ, ಮಾತೂ ಕಡಿಮೆ. ಕಾಲೇಜಿಗೆ ಚಿಕ್ಕಬಳ್ಳಾಪುರದ ಬಸ್ಸು, ಬಂದರೆ ಪುಸ್ತಕ, ಪುಸ್ತಕದ ಮೇಲೆ ಬಗ್ಗಿದ ಬೆನ್ನು.

ಅನಸೂಯ ಅವಳನ್ನು ಅವಳ ಪಾಡಿಗೆ ಬಿಟ್ಟಿದ್ದಳು. ಹಾಗೆ ಬಿಡುವುದು ಅವಳಿಗೆ ತಾಯಿ ಚಿಕ್ಕವೆಂಕಟಮ್ಮನಿಂದ ಬಂದದ್ದು. ಶಿಡ್ಲಘಟ್ಟದ ಹತ್ತಿರದ ಹಳ್ಳಿಯಲ್ಲಿ ಅವ್ವ ದೊಡ್ಡವರ ರೇಷ್ಮೆ ಹುಳುವಿನ ಮನೆಗೆ ಸೊಪ್ಪು ಹಾಕಲು ಹೋಗುತ್ತಿದ್ದಳು. ಚಿಕ್ಕ ಅನಸೂಯ ಜೊತೆಗೆ. ಹಿತ್ತಿಲಿನ ಬಾಗಿಲಲ್ಲಿ ಸುಣ್ಣದ ಪುಡಿ ಹರಡಿರುತ್ತಿತ್ತು, ಅದನ್ನು ಮೆಟ್ಟಿ ಒಳಗೆ ಹೋಗಬೇಕು. ಸಾವಿರಾರು ಬಾಯಿಗಳು ಸೊಪ್ಪು ಮೇಯುವ ಸದ್ದು ಜಡಿಮಳೆಯ ಹಾಗೆ. ಇದ್ದಕ್ಕಿದ್ದಂತೆ ಒಂದು ದಿನ ಆ ಸದ್ದು ನಿಂತುಹೋಗುತ್ತಿತ್ತು. ಹುಳುಗಳು ತಲೆ ಎತ್ತಿಕೊಂಡು, ಕಲ್ಲಾದ ಹಾಗೆ ಕೂತಿರುತ್ತಿದ್ದವು. "ಜ್ವರಕ್ಕೆ ಕೂತವೆ, ಮುಟ್ಬೇಡ" ಎಂದು ಅವ್ವ ಕೈ ತಟ್ಟುತ್ತಿದ್ದಳು. "ಈಗ ಸೊಪ್ಪು ಹಾಕ್ಬಾರ್ದು, ಅಲ್ಲಾಡಿಸ್ಬಾರ್ದು. ಚರ್ಮ ಬಿಡ್ತಾ ಇರ್ತವೆ. ಎದ್ಮೇಲೆ ನೋಡು, ಹಸ್ಕೊಂಡು ಹೆಂಗೆ ತಿಂತವೆ." ಅವ್ವ ಹೇಳಿದ ಹಾಗೆಯೇ ಆಗುತ್ತಿತ್ತು. ಆದ್ದರಿಂದಲೇ ಮಿತ್ರ ತಟ್ಟೆ ತಳ್ಳಿ ಎದ್ದಾಗ, ಕರೆದರೆ ತಿರುಗದಿದ್ದಾಗ, ಇದೂ ಒಂದು ಜ್ವರ, ಕೂತಿದಾಳೆ, ಏಳುತ್ತಾಳೆ ಎಂದುಕೊಂಡಿದ್ದಳು. ಕಾರ್ತೀಕ ಹೋಯಿತು, ಧನುರ್ಮಾಸವೂ ಮುಗಿಯುತ್ತ ಬಂತು. ಮಾರ್ಚಿಗೆ ಪರೀಕ್ಷೆ. ಹುಡುಗಿ ಏಳಲಿಲ್ಲ. ಇನ್ನು ಕಾಯುವುದು ತಪ್ಪು ಅನಿಸಿದ ದಿನ ಅವರೆಕಾಯಿ ಆರಿಸಿದಳು.

ಮೇಷ್ಟ್ರ ಮನೆಯ ಗೇಟು ತೆರೆದೇ ಇತ್ತು. ಕಾಂಪೌಂಡಿನ ಉದ್ದಕ್ಕೂ ಚಂದ್ರಿಕೆಗಳನ್ನು ಒರಗಿಸಿದ್ದರು. ಹುಳು ಗೂಡು ಕಟ್ಟುವ ಆ ಬಿದಿರಿನ ತಟ್ಟಿಗಳನ್ನು ಆಗಷ್ಟೇ ತೊಳೆದಿದ್ದರು. ಬ್ಲೀಚಿಂಗ್ ಪುಡಿಯ ವಾಸನೆಯ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಗೂಡು ಮಾರ್ಕೆಟ್ಟಿಗೆ ಹೋಗಿದೆ, ಹುಳುವಿನ ಮನೆ ಖಾಲಿಯಾಗಿದೆ, ಸದ್ಯ ಪುರುಸೊತ್ತಿನಲ್ಲಿರುತ್ತಾರೆ, ಒಳ್ಳೆ ಹೊತ್ತಿಗೇ ಬಂದೆ ಎಂದು ಅವಳಿಗೆ ಸಮಾಧಾನವಾಯಿತು. ಜೂನಿನಲ್ಲಿ ಸೇರಿಸಲು ಬಂದಾಗ ನಿಜಕ್ಕೂ ಹುಳು ಇತ್ತು, ಸೊಪ್ಪಿನ ಹೊರೆಗಳು ಬಾಗಿಲಿಗೆ ಅಡ್ಡವಾಗಿ ಬಿದ್ದಿದ್ದವು. ಮೇಷ್ಟ್ರು ಗೇಟಿನಲ್ಲೇ ನಿಂತು ಮಾತಾಡಿ ಕಳಿಸಿದ್ದರು. ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ. ಹುಳು ಸಾಕುವವರು ಹೊರಗಿನವರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಯಾರ ಕಾಲಲ್ಲಿ ಯಾವ ರೋಗ ಬರುವುದೋ. ಮೆಟ್ಟಿಲ ಮೇಲೆ ಮಕ್ಕಳ ಚಪ್ಪಲಿಗಳು ಒಂದರ ಮೇಲೊಂದು ಬಿದ್ದಿದ್ದವು. ಒಳಗಿನ ಹಜಾರದಿಂದ ಮೇಷ್ಟ್ರ ದನಿ. ಒಬ್ಬ ಹುಡುಗ ಏನೋ ತಪ್ಪು ಹೇಳಿದ, ಉಳಿದವರು ನಕ್ಕರು. "ನಗ್ರಪ್ಪ ನಗ್ರಿ, ಮಾರ್ಚ್‌ನಲ್ಲಿ ನಾನ್ ನಗ್ತೀನಿ" ಎಂದರು ಮೇಷ್ಟ್ರು. ಮತ್ತೆ ನಗು. ಆ ನಗುವಿನ ಮಧ್ಯೆ ಮಿತ್ರಳನ್ನು ಕೂರಿಸಿ ನೋಡಿದಳು ಅನಸೂಯ. ಕೂತಳು. ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಇಂಥ ಮೇಷ್ಟ್ರನ್ನು ಬಿಟ್ಟು ಯಾಕೆ ಬಂದಳೋ.

"ಬನ್ನಿ ಟೀಚರಮ್ಮ, ಬನ್ನಿ" ಎನ್ನುತ್ತ ಮೇಷ್ಟ್ರು ಕೈಯ ಸೀಮೆಸುಣ್ಣ ಝಾಡಿಸಿಕೊಂಡು ಹೊರಗೆ ಬಂದರು. ಅವಳು ಎರಡು ಮೆಟ್ಟಿಲು ಹತ್ತಿದ್ದಳು. ಅವರು ಜಗಲಿಯಲ್ಲೇ ನಿಂತದ್ದರಿಂದ ಅವಳೂ ಅಲ್ಲೇ ನಿಂತಳು. ಚೀಲವನ್ನು ಮುಂದೆ ಹಿಡಿದಳು.

"ಅಯ್ಯೋ, ಇದೆಲ್ಲಾ ಯಾಕೆ ತರಕ್ಕೋದ್ರಿ? ಅಲ್ಲೇ ಇಡಿ ಅಲ್ಲೇ ಇಡಿ."

ಕಂಬದ ಬುಡಕ್ಕೆ ಇಟ್ಟಳು. ಮಾತು ಎಲ್ಲಿಂದ ಶುರುವಾಯಿತೋ ಅವಳಿಗೇ ತಿಳಿಯಲಿಲ್ಲ. ತಪ್ಪು, ದೊಡ್ಡ ಮನಸ್ಸು, ವಯಸ್ಸು, ಮಾರ್ಚ್, ಎಲ್ಲವೂ ಒಟ್ಟಿಗೆ ಬಂದವು. ಮೇಷ್ಟ್ರು ತಲೆದೂಗಿ ಕೇಳಿದರು. ಕೇಳುವ ಮುಖ ಒಳ್ಳೆಯದಿತ್ತು. ಅದು ಒಳ್ಳೆಯ ಮುಖವೆಂದು ಆಮೇಲೂ, ಎಷ್ಟು ಹಟಹಿಡಿದು ನೆನೆದರೂ, ಅವಳಿಗೆ ಅಲ್ಲಗಳೆಯಲು ಆಗಲಿಲ್ಲ.

"ನಾನೇನೂ ಬೇಜಾರು ಮಾಡ್ಕೊಂಡಿಲ್ಲಮ್ಮ. ನಿಮ್ಮ ಹುಡುಗಿ ಚುರುಕು. ಒಂದ್ಸಲ ಹೇಳಿದ್ರೆ ಹಿಡೀತಾಳೆ. ಆದ್ರೆ ಇಂಟಿಗ್ರೇಷನ್ನು ಒಬ್ಬಳೇ ಕೂತು ಓದೋದಲ್ಲ. ಎಲ್ಲಿ ಸಿಕ್ಕಾಕೊಂಡೆ ಅಂತ ಅವಳಿಗೇ ಗೊತ್ತಾಗಲ್ಲ. ಸೋಮವಾರದಿಂದ ಕಳಿಸಿ. ಅವಳ ಜಾಗ ನಾನು ಯಾರಿಗೂ ಕೊಟ್ಟಿಲ್ಲ, ಹಂಗೇ ಐತೆ."

ಅನಸೂಯಳ ಕಣ್ಣು ತುಂಬಿತು. ಅವಳ ಜಾಗ. ಅದನ್ನು ನೋಡಬೇಕೆಂದು ಬಾಗಿಲಿನೊಳಗೆ ಕತ್ತು ಚಾಚಿದಳು. ಚಾಪೆಯ ಮೇಲೆ ಮಕ್ಕಳು, ಗೋಡೆಗೆ ಕರಿಹಲಗೆ, ಎಲ್ಲೂ ಖಾಲಿ ಕಾಣಲಿಲ್ಲ. ತಿರುಗಿದಾಗ ಮೇಷ್ಟ್ರ ಕೈ ಬೇರೆ ಕಡೆ ತೋರಿಸುತ್ತಿತ್ತು. ಜಗಲಿಯ ತುದಿ. ಕಿಟಕಿಯ ಕೆಳಗೆ ಒಂದು ನೀಲಿ ಪ್ಲಾಸ್ಟಿಕ್ ಸ್ಟೂಲು, ಪಕ್ಕದಲ್ಲಿ ಬ್ಲೀಚಿಂಗ್ ಪುಡಿಯ ಡ್ರಮ್ಮು. ಕಿಟಕಿಗೆ ಎರಡು ಕದ. ಒಂದು ತೆರೆದಿತ್ತು, ಇನ್ನೊಂದನ್ನು ಒಳಗಿನಿಂದ ಅಗುಳಿ ಹಾಕಿ ಮುಚ್ಚಿದ್ದರು.

"ಒಳಗೆ ಹುಳ ಐತಲ್ಲ ಟೀಚರಮ್ಮ. ಅಮ್ಮ ಹಳೇ ಕಾಲದೋರು, ಹೊರಗಿನೋರು ಬಂದ್ರೆ ಸೇರಲ್ಲ. ಇಲ್ಲಿಂದಾನೂ ಬೋರ್ಡು ನೀಟಾಗಿ ಕಾಣುತ್ತೆ. ಗಾಳಿ ಬೆಳಕು ಇಲ್ಲೇ ಜಾಸ್ತಿ."

ಕಾಂಪೌಂಡಿನ ಕಡೆಯಿಂದ ಚಂದ್ರಿಕೆಯ ನೀರು ತೊಟ್ಟಿಕ್ಕುವ ಸದ್ದು ಕೇಳುತ್ತಿತ್ತು. ಅವರ ಪರವಾಗಿ ಅವಳ ಮನಸ್ಸೇ ಓಡಾಡಿತು: ಮುಂದಿನ ಬೆಳೆಗೆ ಚಾಕಿ ಮರಿ, ಆ ಎಳೆ ಹುಳು, ಆಗಲೇ ತಂದಿರಬಹುದು. ಒಳಕೋಣೆಯಲ್ಲಿ ಇಟ್ಟಿರಬಹುದು. ಹಜಾರದಲ್ಲಿರುವ ಮಕ್ಕಳೆಲ್ಲ ಇದೇ ಬೀದಿಯವರಿರಬಹುದು, ದಿನಾ ಬಂದುಹೋಗಿ ಮಾಡುವವರು, ಹೊರಗಿನವರಲ್ಲದವರು. ಆಷಾಢದಲ್ಲಿ ಒಂದು ಸಂಜೆ ಮಿತ್ರ ನೆನೆದು ಬಂದಿದ್ದಳು. ಎಡ ಭುಜ, ಎಡ ತೋಳು, ಎಡಗಡೆಯ ಜಡೆ ತೊಪ್ಪೆ. ಬಲಗಡೆ ಒಣಗಿದಂತೆಯೇ ಇತ್ತು. "ಛತ್ರಿ ಯಾಕೆ ಬಿಚ್ಚಲಿಲ್ಲ? ಇದೇನು ಅರ್ಧ ಮಳೆ ಬಂತಾ ನಿಂಗೆ?" ಎಂದು ಗದರಿಸಿ ತಲೆ ಒರೆಸಿದ್ದಳು. "ಬಸ್‌ಸ್ಟಾಂಡಲ್ಲಿ ನಿಂತಿದ್ದೆ" ಎಂದಿದ್ದಳು ಹುಡುಗಿ. ಆಮೇಲೆ ಕತ್ತು ನೋವು. ಒಂದೇ ಕಡೆ. ಹರಳೆಣ್ಣೆ ಬಿಸಿ ಮಾಡಿ ದಿನಾ ತಿಕ್ಕುತ್ತಿದ್ದಾಗ, ದಿಂಬು ಎತ್ತರವಾಯಿತೇನೋ ಎಂದು ದಿಂಬಿನ ಹತ್ತಿ ತೆಗೆದಿದ್ದಳು. ಆ ಕತ್ತು ತನ್ನ ಅಂಗೈಯ ಕೆಳಗೆ ಹೇಗೆ ಬಿಗಿದುಕೊಂಡಿತ್ತು ಎಂಬುದು ಈಗ ಅಂಗೈಗೇ ನೆನಪಾಯಿತು. ಅವಳು ಸ್ಟೂಲಿನ ಹತ್ತಿರ ಹೋಗಿ, ಸ್ವಲ್ಪ ಬಗ್ಗಿ, ಮಗಳ ಎತ್ತರಕ್ಕೆ ತಲೆ ತಂದು ನೋಡಿದಳು. ತೆರೆದ ಕದದೊಳಗಿಂದ ಹಲಗೆಯ ಅರ್ಧ ಭಾಗ ಕಂಡಿತು. ಉಳಿದರ್ಧ ಕಾಣಬೇಕಾದರೆ ಕತ್ತು ಎಡಕ್ಕೆ ಮುರಿಯಬೇಕು, ಭುಜವನ್ನು ಸೂರಿನಿಂದ ಆಚೆ ಚಾಚಬೇಕು.

ಒಳಗಿನಿಂದ ಮುದುಕಿಯ ದನಿ ಬಂತು. ಮೇಷ್ಟ್ರ ತಾಯಿ ಶ್ಯಾಮಲಮ್ಮ. "ಎವರ್ರಾ ಅದಿ?"

"ಎವರೂ ಲೇರಮ್ಮಾ" ಎಂದರು ಮೇಷ್ಟ್ರು, ತಿರುಗದೆಯೇ.

ಯಾರೂ ಇಲ್ಲಮ್ಮ. ತೆಲುಗು ಅನಸೂಯಳಿಗೂ ಬರುತ್ತಿತ್ತು. ಬರುತ್ತದೆಂದು ಅವರಿಗೂ ಗೊತ್ತಿತ್ತು. ಅವರು ಅದನ್ನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ, ವಯಸ್ಸಾದವರ ಬಾಯಿ ಮುಚ್ಚಿಸಲು ಹೇಳುವ ಹಾಗೆ ಹೇಳಿದರು. ಜಾತಿ ಎಂಬ ಮಾತು ಯಾರ ಬಾಯಿಂದಲೂ ಬರಲಿಲ್ಲ. ಬಂದಿದ್ದರೆ ಏನಾದರೂ ಅನ್ನಬಹುದಿತ್ತು. ಹುಳಕ್ಕೆ ಏನನ್ನುವುದು? ಅವ್ವ ಬದುಕೆಲ್ಲ ಇಂಥದೇ ಮನೆಯ ಹಿತ್ತಿಲಲ್ಲಿ, ಹುಳುವಿನ ತಟ್ಟೆಗಳಿಗೆ ಕೈಯಿಟ್ಟು ಸತ್ತವನ್ನು ಆರಿಸಿದಳು, ಕಸ ತೆಗೆದಳು. ಹುಳ ಅವ್ವನನ್ನು ಯಾವತ್ತೂ ಬೇಡ ಅನ್ನಲಿಲ್ಲ. ಆ ಮನೆಯಲ್ಲಿ ಅವ್ವ ಹೋಗಬಹುದಾಗಿದ್ದದ್ದು ಹುಳ ಇದ್ದ ಜಾಗಕ್ಕೆ ಮಾತ್ರ.

ಆಗ ಅನಸೂಯ ಬಾಯಿಬಿಟ್ಟಳು. ಏನು ಹೇಳಲು ಬಿಟ್ಟಳೋ, ಬಂದದ್ದು ಇಷ್ಟು:

"ಸಾರ್, ಆ ಇನ್ನೊಂದು ಕದಾನೂ ಸ್ವಲ್ಪ ತೆಗ್ಸಿದ್ರೆ... ಬೋರ್ಡು ಪೂರ್ತಿ ಕಾಣುತ್ತೆ, ಹುಡುಗಿಗೆ."

"ಅದಕ್ಕೇನಮ್ಮ! ಅಗುಳಿ ತುಕ್ಕು ಹಿಡ್ದೈತೆ ಅಷ್ಟೆ. ಇವತ್ತೇ ತೆಗೆಸ್ತೀನಿ. ತೆಗೆಸಿ ಫೋನ್ ಮಾಡ್ತೀನಿ."

ತಾನು ಮನಸ್ಸಿನಲ್ಲಿ ಹೇಳಿಸಿಕೊಂಡಿದ್ದ ಹಾಗೆಯೇ, ಅದೇ ನಗುವಿನಲ್ಲಿ, 'ಅದಕ್ಕೇನಮ್ಮ' ಎಂದಿದ್ದರು. ಅವಳು ಕೈ ಮುಗಿದಳು. ಗೇಟಿನಿಂದ ತಿರುಗಿ ನೋಡಿದಾಗ ಅವರೆಕಾಯಿ ಚೀಲ ಕಂಬದ ಬುಡದಲ್ಲೇ ಇತ್ತು.

ಹೈವೇಯ ಅಂಚಿನಲ್ಲಿ ಬಹಳ ಹೊತ್ತು ನಿಂತಳು. ದಾಟಲು ಜಾಗ ಸಿಕ್ಕರೂ ದಾಟಲಿಲ್ಲ. ಬಾಗಿಲು ಕೇಳಲಿಲ್ಲ ನಾನು, ಕಿಟಕಿ ಕೇಳಿದೆ. ಅದನ್ನೂ ಪೂರ್ತಿಯಲ್ಲ, ಸ್ವಲ್ಪ ಎಂದೆ. ಮಗಳು ಅಷ್ಟು ತಿಂಗಳು ಕೂತು, ನೆನೆದು, ಕತ್ತು ನೋಯಿಸಿಕೊಂಡು, ಒಂದು ದಿನ ಎದ್ದು ಬಂದಿದ್ದಳು. ಮನೆಯಲ್ಲಿ ಒಂದು ಮಾತೂ ಆಡಲಿಲ್ಲ. ಅಮ್ಮನಿಗೆ ಗೊತ್ತಾಗದಿರಲಿ ಎಂದು, ಅಮ್ಮ ಇಲ್ಲಿಗೆ ಬಂದು ಹೀಗೆ ನಿಲ್ಲದಿರಲಿ ಎಂದು. ಅಂಥವಳಿಗೆ ಸೊಕ್ಕು ಎಂದದ್ದು ಈ ಬಾಯಿ. ಆ ಸ್ಟೂಲನ್ನು ಮತ್ತೆ ಅವಳಿಗೆ ಕೊಡಿಸಿಕೊಂಡು ಬಂದದ್ದೂ ಇದೇ ಬಾಯಿ. ಆದರೂ, ಆದರೂ, ಮಾರ್ಚಿಗೆ ಪರೀಕ್ಷೆ. ಪೆರೇಸಂದ್ರದಲ್ಲಿ ಗಣಿತಕ್ಕೆ ಬೇರೆ ಯಾರಿದ್ದಾರೆ? ಕತ್ತು ನೊಂದರೆ ಎಣ್ಣೆ ತಿಕ್ಕಬಹುದು. ಹೀಗೆ ಯೋಚಿಸಿದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಹುಟ್ಟಿದ ಹುಡುಗಿಯನ್ನು ಎತ್ತಿಕೊಂಡು ಮುನೇಶ್ ಬುದ್ಧನ ಪಟದ ಮುಂದೆ ನಿಂತು ಸಂಘಮಿತ್ರ ಎಂದು ಕಿವಿಯಲ್ಲಿ ಹೇಳಿದ್ದ. "ನಮ್ಮವ್ವನ ಹೆಸರಲ್ಲ, ನಿಮ್ಮವ್ವನ ಹೆಸರಲ್ಲ, ಯಾರ ಮನೆ ಹಿತ್ಲಲ್ಲೂ ಕರೆಯದ ಹೆಸರು" ಎಂದಿದ್ದ. ಲಾರಿಗಳು ಒಂದರ ಹಿಂದೊಂದು ಹೋದವು. ಧೂಳು ಕಣ್ಣಿಗೆ ಬಿತ್ತೆಂದು ಸೆರಗಿನಲ್ಲಿ ಒರೆಸಿಕೊಂಡಳು, ಯಾರೂ ನೋಡುತ್ತಿರದಿದ್ದರೂ.

ಮನೆಯಲ್ಲಿ ಮಿತ್ರ ಅಡುಗೆಕೋಣೆಯ ನೆಲದಲ್ಲಿ ಕಾಲು ಚಾಚಿ ಕೂತು, ನೆನೆಹಾಕಿದ್ದ ಅವರೆಕಾಳನ್ನು ಹಿಸುಕುತ್ತಿದ್ದಳು. ಗಣಿತದ ಪುಸ್ತಕ ಹಿಟ್ಟಿನ ಡಬ್ಬಿಗೆ ಒರಗಿತ್ತು. ಬೆರಳು ಒತ್ತಿದರೆ ಬೇಳೆ ಸಿಪ್ಪೆಯಿಂದ ಹಾರಿ ಪಾತ್ರೆಗೆ ಬೀಳುತ್ತಿತ್ತು, ಕಣ್ಣು ಪುಸ್ತಕದಲ್ಲಿ. ಅನಸೂಯ ಕೈಕಾಲು ತೊಳೆದು ಬಂದು ಎದುರಿಗೆ ಕೂತು ಒಂದು ಹಿಡಿ ಕಾಳು ತೆಗೆದುಕೊಂಡಳು.

"ಏನಂದ್ರು ಸಾರು?" ಮಿತ್ರ ಪುಸ್ತಕದಿಂದ ಕಣ್ಣು ತೆಗೆಯಲಿಲ್ಲ.

"ಹುಳ ಐತಂತೆ."

ಹುಡುಗಿಯ ಬೆರಳು ನಿಂತಿತು. "ಇನ್ನೂ ಐತಾ?" ಎಂದಳು. ತುಟಿ ಒಂದು ಕಡೆ ಓರೆಯಾಯಿತು, ನಗುವೇ ಇರಬೇಕು. "ಜೂನಲ್ಲೂ ಇತ್ತು, ಗಣೇಶನ ಹಬ್ಬಕ್ಕೂ ಇತ್ತು. ಗೂಡೇ ಕಟ್ಟಲ್ವಾ ಆ ಹುಳ?" ಆಮೇಲೆ ತಲೆಯೆತ್ತಿ ಅಮ್ಮನನ್ನು ನೋಡಿದಳು. ಎಷ್ಟೋ ದಿನಕ್ಕೆ ನೇರವಾಗಿ. ಆ ಕಣ್ಣಿನಲ್ಲಿದ್ದದ್ದು ಸಿಟ್ಟಲ್ಲ, ಭಯ. "ನೀನು ಏನಂದೆ?"

ಅನಸೂಯ ಒಂದು ಕಾಳು ಒತ್ತಿದಳು. ಅದು ಜಾರಿ ನೆಲಕ್ಕೆ ಬಿತ್ತು.

"ಬೇಡ ಸಾರ್ ಅಂದೆ. ನಮ್ಮ ಹುಡುಗಿ ಮನೇಲೇ ಓದ್ಕೋತಾಳೆ ಅಂದೆ."

"ನಿಜವಾಗ್ಲೂ?"

"ಹೂಂ ಕಣಮ್ಮ."

"ಹಂಗೇ ಅಂದ್ಯಾ? ಮುಖಕ್ಕೇ? ಅವರ ಮುಖ ಹೆಂಗಾಯ್ತಮ್ಮ?" ಮಿತ್ರ ಕಾಲು ಮಡಿಸಿ, ಮಂಡಿಯ ಮೇಲೆ ಮುಂದಕ್ಕೆ ಸರಿದಿದ್ದಳು. ಕೈಯಲ್ಲಿದ್ದ ಕಾಳು ಹಾಗೇ ಇತ್ತು. "ಏನೂ ಮಾತಾಡ್ಲಿಲ್ವಾ? ಅಜ್ಜಿ ಇದ್ರಾ?" ಅನಸೂಯ ಹೇಳುತ್ತ ಹೋದಳು. ಮೇಷ್ಟ್ರು ತಲೆ ತಗ್ಗಿಸಿದರು. ಸೀಮೆಸುಣ್ಣ ಕೈಯಿಂದ ಬಿತ್ತು. ಮಗಳು ನಗುತ್ತಿದ್ದಳು, ಬಾಯಿಗೆ ಕೈ ಅಡ್ಡ ಹಿಡಿಯದೆ. ನಕ್ಕು, ಕೈಯ ಕಾಳನ್ನು ಕೆಳಗಿಟ್ಟು, "ನಾನು ನಿಂಗೆ ಹೇಳ್ಬೇಕಾಗಿತ್ತಮ್ಮ" ಎಂದಳು. "ನೀನು ಬೈತೀಯ ಅಂತಲ್ಲ. ನೀನು ಅಲ್ಲಿಗೆ ಹೋಗಿ... ಹೆಂಗೋ ಏನೋ ಅಂತ." ಎದ್ದು ಹೋಗಿ ಬೆಳಿಗ್ಗೆಯ ಚಪಾತಿ ಸುರುಳಿ ಸುತ್ತಿಕೊಂಡು ಬಂದು ನಿಂತುಕೊಂಡೇ ತಿನ್ನತೊಡಗಿದಳು. "ಹಸಿವಾಗ್ತೈತೆ ಕಣಮ್ಮ" ಎಂದಳು. ಎದ್ದ ಹುಳ, ಎಂದು ಅನಸೂಯಳ ಎದೆಯೊಳಗೆ ಯಾರೋ ಹೇಳಿದರು. ಈಗಲೇ ಹೇಳಿಬಿಡಬೇಕು. ಈ ಚಪಾತಿ ಮುಗಿಯಲಿ, ಹೇಳಿಬಿಡುತ್ತೇನೆ.

ಫೋನು ಕಿಟಕಿಯ ಕಟ್ಟೆಯ ಮೇಲಿತ್ತು. ಅದು ಹೊಡೆದುಕೊಂಡಾಗ ಅನಸೂಯಳ ಎರಡೂ ಕೈ ಅವರೆಯ ಲೋಳೆಯಲ್ಲಿದ್ದವು.

"ನಮಸ್ತೆ ಸಾರ್" ಎಂದಳು ಮಿತ್ರ. ದನಿಯಲ್ಲಿ ಹೊಸ ಸದರವಿತ್ತು. "ಹೂಂ ಸಾರ್, ಸಂಘಮಿತ್ರಾನೇ. ಅಮ್ಮ ಹೇಳಿದ್ರಲ್ಲ ಸಾರ್, ನಾನು ಮನೇಲೇ ಓದ್ಕೋತೀನಿ ಅಂತ." ಆಚೆಯಿಂದ ಏನೋ ಕೇಳಿದರು. "ಯಾವ ಕಿಟಕಿ ಸಾರ್?"

ಆಚೆಯ ದನಿ ಹೇಳುತ್ತಲೇ ಹೋಯಿತು. ಕೈಯಲ್ಲಿದ್ದ ಚಪಾತಿಯ ಸುರುಳಿ ಸ್ವಲ್ಪ ಸ್ವಲ್ಪವೇ ಬಿಚ್ಚಿಕೊಂಡಿತು. ಅವಳು ಅಮ್ಮನ ಕಡೆ ನೋಡಲಿಲ್ಲ. ಡಬ್ಬಿಗೆ ಒರಗಿದ ಪುಸ್ತಕವನ್ನು ನೋಡುತ್ತಿದ್ದಳು. "ಹೂಂ ಸಾರ್" ಎಂದಳು. "ಹೂಂ." ಮತ್ತೆ, ತುಂಬ ಮರ್ಯಾದೆಯ ದನಿಯಲ್ಲಿ, "ಬೇಡ ಸಾರ್. ಆ ಕದಾನೂ ಮುಚ್ಬಿಡಿ. ಹುಳಕ್ಕೆ ಗಾಳಿ ಆಗಲ್ಲ."

ಫೋನನ್ನು ಇದ್ದ ಜಾಗದಲ್ಲೇ ಇಟ್ಟಳು. ಉಳಿದ ಚಪಾತಿಯನ್ನು ತಟ್ಟೆಗೆ ಹಾಕಿ ಮುಚ್ಚಿದಳು. ನೆಲಕ್ಕೆ ಬಿದ್ದಿದ್ದ ಬೇಳೆಯನ್ನು ಎತ್ತಿ ಪಾತ್ರೆಗೆ ಹಾಕಿದಳು. ಪ್ರತಿಯೊಂದನ್ನೂ ನಿಧಾನವಾಗಿ, ಬೇರೆಯವರ ಮನೆಯಲ್ಲಿ ಕೆಲಸ ಮಾಡುವ ಹಾಗೆ.

"ಮಿತ್ರಮ್ಮ..."

"ಇರ್ಲಿ ಬಿಡಮ್ಮ." ಪುಸ್ತಕ ಎತ್ತಿಕೊಂಡಳು. "ನಂಗೋಸ್ಕರಾನೇ ಕೇಳಿದೀಯ. ಗೊತ್ತು."

ಅಷ್ಟು ಹೇಳಿ ಒಳಗಿನ ಕೋಣೆಗೆ ಹೋದಳು. ಆ ಕೋಣೆಗೆ ಬಾಗಿಲಿಲ್ಲ, ಹಳೆಯ ಸೀರೆಯ ಪರದೆ. ಅದು ಒಮ್ಮೆ ಅಲ್ಲಾಡಿ ನಿಂತಿತು. ಬೈದಿದ್ದರೆ, ಅತ್ತಿದ್ದರೆ, ಈ ಪಾತ್ರೆಯನ್ನು ಒದ್ದಿದ್ದರೆ ಎಂದು ಅನಸೂಯ ಕಾದಳು. ಬಂದದ್ದು ಲೆಕ್ಕ ಓದುವ ದನಿ. ಮಿತ್ರ ಒಂದೊಂದೇ ಹೆಜ್ಜೆಯನ್ನು ಗಟ್ಟಿಯಾಗಿ ಹೇಳಿಕೊಂಡು ಹೋಗುತ್ತಿದ್ದಳು. ಒಂದು ಕಡೆ ಬಂದು ದನಿ ನಿಂತಿತು. ಮತ್ತೆ ಮೊದಲಿನಿಂದ. ಅದೇ ಜಾಗಕ್ಕೆ ಬಂದು ಮತ್ತೆ ನಿಂತಿತು. ಅನಸೂಯ ಕೈ ಒರೆಸಿಕೊಂಡು ಎದ್ದಳು. ಪರದೆಯವರೆಗೆ ಹೋದಳು. ಅದನ್ನು ಸರಿಸಲು ಎತ್ತಿದ ಕೈಯಲ್ಲಿ ಸೊಗಡು ಇನ್ನೂ ಹೋಗಿರಲಿಲ್ಲ. ಸರಿಸಿ ಒಳಗೆ ಹೋಗಿ ಏನು ಹೇಳುವುದು? ಮುಂದಿನ ಸಾಲು ಅವಳಿಗೂ ಗೊತ್ತಿರಲಿಲ್ಲ.

ಹೊಸಿಲಿನ ಈಚೆ, ಗೋಡೆಗೆ ಒರಗಿ ಕೂತಳು. ಪರದೆಯ ಅಂಚಿನ ಸಂದಿಯಿಂದ ಮಗಳ ಬೆನ್ನಿನ ಅರ್ಧ ಮಾತ್ರ ಕಾಣುತ್ತಿತ್ತು. ಉಳಿದದ್ದೂ ಕಾಣಲಿ ಎಂದು ಕತ್ತನ್ನು ಎಡಕ್ಕೆ ಚಾಚಿದಳು. ನೋಯತೊಡಗಿತು. ಒಳಗೆ ಮಿತ್ರ ಅದೇ ಲೆಕ್ಕವನ್ನು ಮತ್ತೆ ಮೊದಲಿನಿಂದ ಶುರುಮಾಡಿದಳು.